ಚಿಕ್ಕಮ್ಮನ ಪಾಲಿಗೆ ಬಂದ ಕರೆಂಟು ಮಡಕೆ

ಆ ಮಡಕೆ ನಮ್ಮ ಅಮ್ಮನಿಗೆ ಬರಬೇಕಿತ್ತು. ಅದು ಒಡೆದದ್ದನ್ನು, ಒಡೆದಾಗ ಏನಾಯಿತು ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆದರೂ ಅದರ ನೆನಪು ಬಂದಾಗ ಮನಸ್ಸಿನಲ್ಲಿ ಮೊದಲು ಏಳುವುದು ಈ ಮಾತೇ. ಹೆದರಿಕೆ ಅದರ ಹಿಂದೆಯೇ ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜರಗನಹಳ್ಳಿಯಲ್ಲಿ ನಮ್ಮದು ಕೂಡುಕುಟುಂಬ. ಹೊಲದ ಬಹುಪಾಲು ಜೆ.ಪಿ. ನಗರದ ಬಡಾವಣೆಗೆ ಹೋಗಿತ್ತು. ಉಳಿದ ಜಾಗದಲ್ಲಿ ತಾತ ಒಂದು ಮಹಡಿ ಮನೆ ಕಟ್ಟಿಸಿ ತೀರಿಕೊಂಡಿದ್ದರು. ಕೆಳಗೆ ಅಜ್ಜಿ, ಅಪ್ಪ, ಅಮ್ಮ, ನಾನು, ಅಪ್ಪನ ತಮ್ಮ, ಅಂದರೆ ಚಿಕ್ಕಪ್ಪ, ಮತ್ತು ಅವನ ಹೆಂಡತಿ ಚಿಕ್ಕಮ್ಮ. ಮೇಲಿನ ಮನೆ ಬಾಡಿಗೆಗೆ. ಉಳಿದಿದ್ದ ಜಮೀನನ್ನು ಅಣ್ಣತಮ್ಮಂದಿರು ಆಗಲೇ ಪಾಲು ಮಾಡಿಕೊಂಡಿದ್ದರು. ಪಾಲಾಗದೆ ಉಳಿದಿದ್ದು ಒಲೆ ಮಾತ್ರ.

ಆ ಒಲೆ ಅಮ್ಮನದು. ಚಿಕ್ಕಮ್ಮ ಮದುವೆಯಾಗಿ ಬಂದಾಗಿನಿಂದ ಖಾರ ರುಬ್ಬಿದಳು, ಸೌದೆ ಒಟ್ಟಿದಳು, ಪಾತ್ರೆ ಉಜ್ಜಿದಳು. ಆದರೆ ನೆಂಟರು ಉಂಡು ಕೈತೊಳೆಯುವಾಗ ಹೇಳುತ್ತಿದ್ದದ್ದು ಒಂದೇ ಮಾತು: "ದೊಡ್ಡ ಸೊಸೆ ಕೈರುಚಿ ಅಂದ್ರೆ ದೊಡ್ಡ ಸೊಸೇದೇ." ಚಿಕ್ಕಮ್ಮ ತಂಬಿಗೆ ಹಿಡಿದು ಅವರ ಕೈಗೆ ನೀರು ಹಾಕುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲವಾದರೂ ನೆಂಟರು ತನ್ನ ಕೈ ಅಡುಗೆ ಉಂಡು ತನ್ನ ಹೆಸರು ಹೇಳಲಿ ಎಂಬುದು ಅವಳ ಆಸೆ. ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. "ನಾನೂ ಹೆತ್ತೋರ ಮನೇಲಿ ಅಡುಗೆ ಕಲ್ತೇ ಬಂದಿದೀನಿ ಅಕ್ಕ," ಅನ್ನುತ್ತಿದ್ದಳು. ಅಮ್ಮ ತಿರುಗಿಯೂ ನೋಡದೆ, "ಕಲ್ತಿದ್ರೆ ಒಳ್ಳೇದಾಯ್ತು, ಆ ಬೆಳ್ಳುಳ್ಳಿ ಬಿಡ್ಸು," ಅನ್ನುತ್ತಿದ್ದಳು.

ಮೇಲಿನ ಮನೆಗೆ ಆ ಕಾಲದಲ್ಲಿ ಒಬ್ಬ ಅಮೆರಿಕದವನು ಹೆಂಡತಿಯೊಡನೆ ಬಾಡಿಗೆಗೆ ಬಂದಿದ್ದ. ಯಾವುದೋ ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಕೆಲಸ ಅವನದು. ಅವನ ಹೆಂಡತಿಯನ್ನು ಅಜ್ಜಿ ಮೇಡಮ್ಮ ಎಂದು ಕರೆದಳು. ಅದೇ ಹೆಸರು ನಿಂತಿತು. ನಾನು ಆಗ ಜಯನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಲ್ಲಿಯಲ್ಲಿ ಯಾವಾಗ ನೀರು ಬರುತ್ತದೆ, ಹಾಲಿನವನಿಗೆ ಏನು ಹೇಳಬೇಕು, ಕೋತಿ ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಮೇಡಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಬೇಕಾದರೆ ನಾನೇ ಬೇಕಿತ್ತು. ಹಿಂದಿನ ದಿನವೇ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ.

ಆದರೆ ಅವಳು ಗೆಳತಿಯಾದದ್ದು ಚಿಕ್ಕಮ್ಮನಿಗೆ. ಇವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು, ಅವಳಿಗೆ ಕನ್ನಡ ಬಾರದು. ಇಬ್ಬರೂ ಮೇಲಿನ ಅಡುಗೆಮನೆಯಲ್ಲಿ ಬದನೆಕಾಯಿ ಹಿಡಿದುಕೊಂಡೋ ಕೊತ್ತಂಬರಿ ಸೊಪ್ಪು ಹಿಡಿದುಕೊಂಡೋ ಬಿದ್ದುಬಿದ್ದು ನಗುವುದು ಕೆಳಗೆ ಕೇಳಿಸುತ್ತಿತ್ತು. ನಾನು ಓಡಿಹೋಗಿ, "ಏನಂತೆ?" ಅಂದರೆ, ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತ, "ನಿಂಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡು," ಅನ್ನುತ್ತಿದ್ದಳು. ಇಂಗ್ಲಿಷು ಓದಿದವಳು ನಾನು! ಹೊಟ್ಟೆ ಉರಿಯದೆ ಇನ್ನೇನಾದೀತು?

ಒಂದು ಚಳಿಗಾಲದಲ್ಲಿ ಮೇಡಮ್ಮ ತಮ್ಮ ದೇಶದ ಹಬ್ಬಕ್ಕೆಂದು ಚಿಕ್ಕಮ್ಮನನ್ನೂ ನನ್ನನ್ನೂ ಊಟಕ್ಕೆ ಕರೆದಳು. ಟರ್ಕಿ ಕೋಳಿಯನ್ನು ಒಂದು ತುಂಡೂ ಮಾಡದೆ ಇಡಿಯಾಗಿ ಬೇಯಿಸಿದ್ದಳು. ಬೇಯಿಸಿದ್ದು ಒಂದು ಮೊಟ್ಟೆಯಾಕಾರದ ಪಿಂಗಾಣಿ ಮಡಕೆಯಲ್ಲಿ. ಅದನ್ನು ಸುತ್ತುವರಿದು ತಗಡಿನ ಗೂಡು, ಗೂಡಿಗೆ ಎರಡು ಹಿಡಿ, ಒಂದು ವೈರು. ಬೆಳಿಗ್ಗೆ ಹಕ್ಕಿಯನ್ನು ಒಳಗಿಟ್ಟು ಮುಚ್ಚಿದರೆ ಸಂಜೆಯವರೆಗೆ ತನ್ನ ಪಾಡಿಗೆ ತಾನು ಮೆಲ್ಲಗೆ ಬೇಯುತ್ತದೆ. ಊದುವುದಿಲ್ಲ, ತಿರುವುವುದಿಲ್ಲ, ಪಕ್ಕದಲ್ಲಿ ಕೂರುವುದೂ ಇಲ್ಲ. ಚಿಕ್ಕಮ್ಮ ಕೋಳಿಯ ರುಚಿ ನೋಡಿ ಮುಖ ಸೊಟ್ಟಗೆ ಮಾಡಿದಳು. "ಉಪ್ಪಿಲ್ಲ ಖಾರ ಇಲ್ಲ, ಬಾಣಂತಿ ಪಥ್ಯ ಇದ್ದಂಗಿದೆ." ಆದರೆ ಮಡಕೆಯಿಂದ ಮಾತ್ರ ಅವಳು ಕಣ್ಣು ಕೀಳಲಿಲ್ಲ.

ಮಡಕೆಯ ಪಕ್ಕದಲ್ಲಿ ಇನ್ನೊಂದು ಕಬ್ಬಿಣದ ಪೆಟ್ಟಿಗೆ ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ಅದು ಏನೆಂದು ಮೇಡಮ್ಮನ ಗಂಡ ನನಗೆ ಹೇಳಿದ. ಅವರ ದೇಶದ ಕರೆಂಟಿನ ಜೋರು ನಮ್ಮದರ ಅರ್ಧದಷ್ಟು. ನಮ್ಮ ಗೋಡೆಯ ಕರೆಂಟು ಆ ಪೆಟ್ಟಿಗೆಯೊಳಗೆ ಹಾದು ತಗ್ಗಿದ ಮೇಲೆಯೇ ಮಡಕೆಗೆ ಹೋಗಬೇಕು. ನಾನು ಭೌತಶಾಸ್ತ್ರ ಓದುತ್ತಿದ್ದವಳು, ಕೂಡಲೇ ತಿಳಿಯಿತು. ಅದನ್ನು ಕೆಳಗೆ ಬಂದು ಎಲ್ಲರಿಗೂ ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಮ್ಮ ಕೇಳಿದ್ದು, "ನಿಮ್ಮ ಚಿಕ್ಕಮ್ಮ ಎಷ್ಟು ತಿಂದ್ಲು?" ಎಂದು.

ಮುಂದಿನ ಯುಗಾದಿಗೆ ಸ್ವಲ್ಪ ಮುಂಚೆ ಮೇಡಮ್ಮ ಮತ್ತು ಅವಳ ಗಂಡ ತಮ್ಮ ದೇಶಕ್ಕೆ ಹೊರಟರು. ಹೊತ್ತುಕೊಂಡು ಹೋಗಲಾಗದ ಸಾಮಾನನ್ನೆಲ್ಲ ಮನೆಯ ಯಜಮಾನಿ ಎಂದು ಅಜ್ಜಿಗೆ ಒಪ್ಪಿಸಿದರು. ಅಜ್ಜಿಗೆ ಪಾಲು ಮಾಡುವುದು ಗೊತ್ತಿದ್ದದ್ದು ಒಂದೇ ರೀತಿಯಲ್ಲಿ. ನಮ್ಮಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು ತಿಂದವರು ಅವತ್ತು ಬಾಡೂಟ ಮಾಡುತ್ತಾರೆ. ಊರಿನ ಕೆಲವು ಮನೆಯವರು ಸೇರಿ ಕುರಿ ಕೊಯ್ದು, ಬಾಡನ್ನು ಎಲೆಗಳ ಮೇಲೆ ಗುಡ್ಡೆ ಹಾಕುತ್ತಾರೆ. ಮೂಳೆ, ಕೊಬ್ಬು, ಬೋಟಿ ಎಲ್ಲವೂ ಎಲ್ಲ ಗುಡ್ಡೆಯಲ್ಲೂ ಸಮ ಇರಬೇಕು. ಆಮೇಲೆ ಒಬ್ಬರನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಒಂದೊಂದು ಗುಡ್ಡೆ ಮುಟ್ಟಿ, "ಇದು ಯಾರ್ದು?" ಎಂದು ಕೇಳುತ್ತಾರೆ. ಅವರ ಬಾಯಿಗೆ ಬಂದ ಹೆಸರಿನವರಿಗೆ ಆ ಗುಡ್ಡೆ. ಆಮೇಲೆ ತಕರಾರಿಲ್ಲ.

ಮೇಡಮ್ಮನ ಸಾಮಾನಿಗೂ ಅಜ್ಜಿ ಹಜಾರದಲ್ಲಿ ಎರಡು ಗುಡ್ಡೆ ಹಾಕಿದಳು. ಅತ್ತ ಒಂದು ಕುರ್ಚಿ, ಇತ್ತ ಒಂದು ಕುರ್ಚಿ. ಅತ್ತ ಒಂದು ಪರದೆ, ಇತ್ತ ಒಂದು ಪರದೆ. ಕೊನೆಗೆ ಮಡಕೆ ಮತ್ತು ಪೆಟ್ಟಿಗೆ ಉಳಿದವು. ಅಜ್ಜಿ ಒಂದನ್ನು ಎತ್ತಿ ನೋಡಿದಳು, ಇನ್ನೊಂದನ್ನು ಎತ್ತಿ ನೋಡಿದಳು. "ಭಾರಕ್ಕೆ ಭಾರ ಸಮ ಇದೆ," ಎಂದು ಒಂದನ್ನು ಅತ್ತ, ಒಂದನ್ನು ಇತ್ತ ಇಟ್ಟಳು.

"ಅಜ್ಜಿ, ಅವೆರಡೂ ಜೊತೆ. ಬೇರೆ ಮಾಡಬಾರ್ದು. ಪೆಟ್ಟಿಗೆ ಇಲ್ದೆ ಮಡಕೆ ಹಾಕಿದ್ರೆ ಸುಟ್ಟೋಗತ್ತೆ," ಅಂದೆ.

"ಹೊಟ್ಟೇಲಿ ಹುಟ್ಟಿದ ಅಣ್ಣತಮ್ಮಂದಿರನ್ನೇ ಬೇರೆ ಮಾಡಾಯ್ತು. ಇನ್ನು ಮಡಕೆ ಪೆಟ್ಟಿಗೆ ಯಾವ ಲೆಕ್ಕ? ನೀನು ತಿರುಗು ಆ ಕಡೆ."

ನಾನು ಗೋಡೆಗೆ ಮುಖ ಮಾಡಿ ನಿಂತೆ. ಮಡಕೆಯಿದ್ದ ಗುಡ್ಡೆಯನ್ನು ಅಜ್ಜಿ ಮೊದಲು ಮುಟ್ಟುವುದಿಲ್ಲ, ಒಳ್ಳೆಯದನ್ನು ಕಡೆಗಿಡುತ್ತಾಳೆ ಎಂದು ಲೆಕ್ಕ ಹಾಕಿದೆ. "ಇದು ಯಾರ್ದು?" ಅಂದಳು. "ಚಿಕ್ಕಮ್ಮಂದು," ಅಂದೆ. ಹಿಂದೆ ಬಳೆಗಳ ಸದ್ದಾಯಿತು. ತಿರುಗಿದರೆ ಚಿಕ್ಕಮ್ಮ ಮಡಕೆಯನ್ನು ಮಗುವಿನಂತೆ ಎತ್ತಿಕೊಂಡಿದ್ದಳು. ಅಮ್ಮ ತನ್ನ ಪಾಲಿನ ಪೆಟ್ಟಿಗೆಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಒಳಗೆ ಹೋದಳು. ಮಾರನೆಯ ದಿನ ಆ ಪೆಟ್ಟಿಗೆ ಉಗ್ರಾಣದಲ್ಲಿ ರಾಗಿ ಮೂಟೆಯ ಕೆಳಗಿತ್ತು. ತಳಕ್ಕೆ ಥಂಡಿ ಹಿಡಿಯುವುದಿಲ್ಲ ಎಂದು ಅಮ್ಮ ಹೇಳಿದಳು.

ಈ ಸಲ ಹೊಸತೊಡಕಿಗೆ ಟರ್ಕಿ ಕೋಳಿಯನ್ನು ಇಡಿಯಾಗಿ ತಾನೇ ಬೇಯಿಸುವುದಾಗಿ ಚಿಕ್ಕಮ್ಮ ಅಂದೇ ಸಾರಿದಳು. ಇಡಿಯಾಗಿ ಯಾಕೆ ಎಂದು ಕೇಳಿದ್ದಕ್ಕೆ, "ಕೊಚ್ಚಿದ್ರೆ ನಿಮ್ಮಮ್ಮನ ಸಾರಿಗೆ ಸೇರತ್ತೆ. ಇಡಿಯಾಗಿದ್ರೆ ಅದು ನಂದು ಅಂತ ಕಣ್ಣಿಗೇ ಕಾಣತ್ತಲ್ಲ," ಅಂದಳು.

ಗೊಟ್ಟಿಗೆರೆಯ ಹತ್ತಿರ ಒಬ್ಬರು ತೋಟದಲ್ಲಿ ಟರ್ಕಿ ಸಾಕಿದ್ದರು. ಚಿಕ್ಕಪ್ಪ ಅಲ್ಲಿಂದ ಒಂದು ಹೆಣ್ಣು ಟರ್ಕಿಯನ್ನು ಗೋಣಿಚೀಲದಲ್ಲಿ ಕಟ್ಟಿ, ತಲೆ ಮಾತ್ರ ಹೊರಗಿಟ್ಟು, ಸ್ಕೂಟರಿನಲ್ಲಿ ತಂದ. ಬೀದಿಯವರೆಲ್ಲ ಸೇರಿದರು.

"ಇದೇನು ಗುರು, ನವಿಲೂ ಕೋಳೀನೂ ಸಂಬಂಧ ಮಾಡ್ಕೊಂಡ್ವಾ?" ಎಂದ ಎದುರುಮನೆಯವನು.

"ಅಮೆರಿಕದ್ದು ಮಗಾ. ಇಂಗ್ಲಿಷಲ್ಲಿ ಕೂಗತ್ತೆ," ಎಂದ ಚಿಕ್ಕಪ್ಪ.

ಎಲ್ಲರೂ ಚಿಕ್ಕಮ್ಮನನ್ನು ಮಾತನಾಡಿಸಿದರು. ಹೇಗೆ ಮಾಡುತ್ತೀಯ, ಏನು ಹಾಕುತ್ತೀಯ, ನಮಗೂ ಒಂದು ತುಂಡು ಕೊಡುತ್ತೀಯ ತಾನೆ. ಅಮ್ಮ ಬಾಗಿಲ ಹಿಂದೆ ನಿಂತು ರಾಗಿ ಕೇರುತ್ತಿದ್ದಳು. ಮೊರದ ಸದ್ದು ಜೋರಾಗುತ್ತ ಹೋಯಿತು.

ನಾನು ಚಿಕ್ಕಮ್ಮನಿಗೆ ಮತ್ತೆ ಹೇಳಿದೆ, "ಪೆಟ್ಟಿಗೆ ಇಲ್ದೆ ಅದನ್ನ ಹಾಕ್ಬೇಡಿ, ಅಮ್ಮನ್ನ ಕೇಳಿ, ಕೊಡ್ತಾಳೆ."

"ನಿಮ್ಮಮ್ಮ ಹೇಳ್ಕಳಿಸಿದ್ಲಾ?"

"ಇಲ್ಲ, ನಾನೇ ಹೇಳ್ತಿರೋದು."

"ನಾನು ಅಡುಗೆ ಮಾಡ್ಬೇಕಾದ್ರೂ ಅವಳ ಹತ್ರ ಕೈ ಒಡ್ಬೇಕು ಅಂತ ತಾನೆ? ನಿಮ್ಮ ಚಿಕ್ಕಪ್ಪ ವೈರ್ ಸರಿ ಮಾಡ್ತಾರೆ, ಹೋಗು."

ಅಮ್ಮನ ಹತ್ತಿರ ಹೋದೆ. "ಬೇಕಾದೋಳು ಬಾಯ್ಬಿಟ್ಟು ಕೇಳ್ಲಿ, ಆ ಮೂಟೆ ಎತ್ತಿ ಕೊಡ್ತೀನಿ. ನಾನ್ಯಾಕೆ ತಗೊಂಡೋಗಿ ಅವಳ ಕಾಲ ಬುಡಕ್ಕೆ ಇಡ್ಲಿ?" ಅಂದಳು. ಚಿಕ್ಕಪ್ಪನಿಗೆ ಹೇಳಿದರೆ, ಅವನು ನಕ್ಕ. "ನಮ್ಮ ಕರೆಂಟು ಬಲ್ಬಿಗೇ ಸಾಲ್ದು, ಸಾಯಂಕಾಲ ಮಿಣಮಿಣ ಅಂತದೆ. ಇನ್ನು ಮಡಕೆ ಸುಡತ್ತಾ?" ಮಡಕೆಯ ಪ್ಲಗ್ಗಿನ ಚಪ್ಪಟೆ ಕಡ್ಡಿಗಳು ನಮ್ಮ ಗೋಡೆಯ ದುಂಡು ತೂತಿಗೆ ಹಿಡಿಯುವುದಿಲ್ಲ. ಚಿಕ್ಕಪ್ಪ ಪ್ಲಗ್ಗನ್ನೇ ಕತ್ತರಿಸಿ, ವೈರಿನ ತುದಿಗಳನ್ನು ಹಲ್ಲಿನಲ್ಲಿ ಸುಲಿದು, ಆಗ ಎಲ್ಲರ ಮನೆಯಲ್ಲೂ ಮಾಡುತ್ತಿದ್ದಂತೆ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ.

ಹೊಸತೊಡಕಿನ ಬೆಳಿಗ್ಗೆ ಟರ್ಕಿ ಸಿದ್ಧವಾಯಿತು. ಪುಕ್ಕ ತರಿದು, ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಅರಿಶಿನ ಬಳಿದು ತೊಳೆದಿದ್ದರು. ಚಿಕ್ಕಮ್ಮ ಮೊಸರು, ಉಪ್ಪು, ತಾನೊಬ್ಬಳೇ ರುಬ್ಬಿಕೊಂಡ ಖಾರವನ್ನು ಒಳಗೂ ಹೊರಗೂ ಹಚ್ಚಿ, ಕಾಲು ಮಡಚಿ ದಾರದಿಂದ ಕಟ್ಟಿ, ಮಡಕೆಯಲ್ಲಿ ಕೂರಿಸಿದಳು. ಹಕ್ಕಿಯ ಎದೆ ಮಡಕೆಯ ಕಂಠದಿಂದ ಮೇಲೆ ನಿಂತಿತು. ಗಾಜಿನ ಮುಚ್ಚಳ ಕೂರಲಿಲ್ಲ. ಬಾಳೆ ಎಲೆ ಮುಚ್ಚಿ, ಅದರ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯ ಮೇಲೆ ಗುಂಡುಕಲ್ಲು. ವೈರು ಗಿಡ್ಡವಾದ್ದರಿಂದ ಮಡಕೆಯನ್ನು ಬಚ್ಚಲ ಬಾಗಿಲ ಪಕ್ಕದ ಗೋಡೆಯ ಬುಡದಲ್ಲಿ ಮಣೆಯ ಮೇಲೆ ಇಟ್ಟರು.

ಚಿಕ್ಕಪ್ಪ ಸ್ವಿಚ್ಚು ಹಾಕುವಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಆದರೆ ಏನೂ ಆಗಲಿಲ್ಲ. ಕಿಡಿ ಹಾರಲಿಲ್ಲ, ಫ್ಯೂಸು ಹೋಗಲಿಲ್ಲ. ಚಿಕ್ಕಮ್ಮ ನನ್ನ ಕಡೆ ನೋಡಿ, "ಸುಟ್ಟೋಯ್ತಾ ಕಾಲೇಜಮ್ಮ?" ಅಂದಳು. ನನ್ನ ಹೆದರಿಕೆ ಹೋಗಿ ಅವಮಾನ ಬಂತು.

ಇನ್ನೂ ವಿಚಿತ್ರವೆಂದರೆ ಅದರ ವೇಗ. ಮೇಡಮ್ಮನ ಕೈಯಲ್ಲಿ ಇಡೀ ಹಗಲು ತೆಗೆದುಕೊಂಡ ಮಡಕೆ, ಚಿಕ್ಕಮ್ಮ ಸ್ನಾನಕ್ಕೆ ನೀರು ತೋಡಿಕೊಳ್ಳುವಷ್ಟರಲ್ಲಿ ಕೊತಕೊತ ಕುದಿಯತೊಡಗಿತು. ಮಸಾಲೆಯ ಘಮ ಹಜಾರಕ್ಕೆ ಬಂತು. ಅಜ್ಜಿ ಮೂಗರಳಿಸಿ, "ಪರವಾಗಿಲ್ಲ, ಚಿಕ್ಕೋಳಿಗೂ ಕೈ ಬಂದಿದೆ," ಅಂದಳು. ಅಮ್ಮ ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದವಳು ನಿಲ್ಲಿಸಿದಳು. ಅವಳ ಕುರಿಯ ಸಾರಿಗೆ ಇನ್ನೂ ಬಿಸಿಯೇ ಹತ್ತಿರಲಿಲ್ಲ. ಹೊಗೆಯಿಂದಲೋ ಏನೋ ಕಣ್ಣು ಕೆಂಪಾಗಿತ್ತು. "ಅದ್ಯಾಕೆ ಅಷ್ಟು ಬೇಗ ಕುದೀತದೆ?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಕರೆಂಟಿನ ಜೋರು ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಅದನ್ನು ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. "ತೆಗೀಬೇಕು ಅದನ್ನ," ಎಂದು ಎದ್ದು ನಿಂತೆ.

ಅಷ್ಟರಲ್ಲಿ ಚಟ್ ಎಂದಿತು.

ದೊಡ್ಡ ಸದ್ದೇನಲ್ಲ. ಲೋಟ ಒಡೆದಷ್ಟೇ. ಪಿಂಗಾಣಿ ಸೀಳಿ, ಸಾರು ತಗಡಿನ ಗೂಡಿನೊಳಗೆ ಇಳಿದು ಚೊಂಯ್ ಎಂದು, ಮಣೆಯ ಕೆಳಗಿನಿಂದ ಹರಿದು ಬಂತು. ರಬ್ಬರು ಸುಟ್ಟ ವಾಸನೆ. ಚಿಕ್ಕಮ್ಮ ಆಗತಾನೇ ಬಚ್ಚಲಿನಿಂದ ಹೊರಗೆ ಬಂದಿದ್ದಳು, ತಲೆಗೆ ಟವಲು, ಒದ್ದೆ ಕಾಲು. "ಅಯ್ಯೋ ನನ್ನ ಸಾರು!" ಎಂದು ಬಾಗಿ, ಮಡಕೆಯನ್ನು ಎತ್ತಲು ಎರಡು ಹಿಡಿಗಳನ್ನೂ ಎರಡು ಕೈಯಲ್ಲಿ ಹಿಡಿದಳು.

ಅವಳು ಕೂಗಲಿಲ್ಲ. ನಾನು ಈಗಲೂ ಮತ್ತೆ ಮತ್ತೆ ಕಾಣುವುದು ಅದನ್ನೇ. ಕೂಗಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿತ್ತು, ಕತ್ತಿನ ನರ ಎದ್ದಿತ್ತು, ಕೈಗಳು ಹಿಡಿಯನ್ನು ಬಿಡುತ್ತಲೇ ಇರಲಿಲ್ಲ, ಬಳೆಗಳು ಮಾತ್ರ ಗಲಗಲ ಎನ್ನುತ್ತಿದ್ದವು. ಕಣ್ಣು ನಮ್ಮ ಕಡೆಯೇ ಇತ್ತು.

ಅಮ್ಮ ಒಲೆಯ ಮುಂದಿನಿಂದ ಹಾರಿದಳು. ನಾನು ಹಿಂದಿನಿಂದ ಅವಳ ಸೊಂಟ ಹಿಡಿದೆ.

"ಬಿಡೇ! ಬಿಡೇ ನನ್ನ!"

"ಮುಟ್ಬೇಡಮ್ಮ, ನಿನ್ನೂ ಹಿಡ್ಕೊಳತ್ತೆ! ಮುಟ್ಬೇಡ!"

ಅಮ್ಮ ನನ್ನನ್ನು ಎಳೆದುಕೊಂಡೇ ಎರಡು ಹೆಜ್ಜೆ ನಡೆದಳು. ಅವಳಿಗೆ ಅಷ್ಟು ಬಲ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕೈಗೆ ಸಿಕ್ಕ ಮುದ್ದೆಕೋಲನ್ನು ಸೆಳೆದು ಚಿಕ್ಕಮ್ಮನ ಮಣಿಕಟ್ಟಿಗೆ ಬೀಸಿ ಹೊಡೆದಳು. ಒಂದೇಟಿಗೆ ಬಿಡಲಿಲ್ಲ. ಮತ್ತೆ ಹೊಡೆದಳು, ಮತ್ತೆ. ಬಳೆ ಚೂರು ಸಿಡಿದವು. ಕೈ ಕಳಚಿ ಚಿಕ್ಕಮ್ಮ ಹಿಂದಕ್ಕೆ ಬಿದ್ದಳು. ಮಡಕೆ ಉರುಳಿ, ತಟ್ಟೆ ದೂರಕ್ಕೆ ಹೋಗಿ, ಟರ್ಕಿ ನೆಲದ ಮೇಲೆ ಜಾರಿತು. ನಾನು ಪಡಸಾಲೆಗೆ ಓಡಿ ಮೇನ್ ಸ್ವಿಚ್ಚು ಎಳೆದೆ. ಹಿಂದಕ್ಕೆ ಬಂದಾಗ ಅಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟುತ್ತಿದ್ದಳು. "ಉಸಿರಾಡೇ. ಉಸಿರಾಡೇ ಮುಂಡೇದೆ. ನಾನೇ ತಂದ್ಕೊಡ್ತೀನಿ ಆ ಹಾಳು ಪೆಟ್ಟಿಗೇನ, ಉಸಿರಾಡು."

ಚಿಕ್ಕಮ್ಮ ಒಮ್ಮೆ ದೊಡ್ಡದಾಗಿ ಉಸಿರೆಳೆದು ಅಳಲು ಶುರುಮಾಡಿದಳು. ಚಿಕ್ಕಪ್ಪ ಅವಳನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವನು ಒಂದೂ ಜೋಕು ಹೇಳಲಿಲ್ಲವಂತೆ.

ಮಧ್ಯಾಹ್ನದ ಹೊತ್ತಿಗೆ ಎರಡು ಅಂಗೈಗೂ ಬ್ಯಾಂಡೇಜು ಸುತ್ತಿಕೊಂಡು ವಾಪಸು ಬಂದಳು. ಅಮ್ಮ ಹಾಸಿದ ಚಾಪೆಯ ಮೇಲೆ ಮಲಗಿದಳು. ನಾನು ನೀರು ಕುಡಿಸಲು ಹೋದಾಗ ಅವಳು ನನ್ನನ್ನೇ ನೋಡುತ್ತ ಹೇಳಿದಳು: "ನೀನು ನಿಮ್ಮಮ್ಮನ್ನ ಹಿಡ್ಕೊಂಡಿದ್ದೆ. ನಾನು ನೋಡ್ದೆ."

ಮುಟ್ಟಿದ್ದರೆ ಇಬ್ಬರೂ ಹೋಗುತ್ತಿದ್ದಿರಿ ಎಂದು ವಿವರಿಸಿದೆ. "ಇರ್ಬೋದು. ನೀನು ಓದಿದೋಳು," ಅಂದಳು. "ಆದ್ರೂ ಹಿಡ್ಕೊಳೋಕೆ ಒಬ್ರು ಇದಾರಲ್ಲ ಅವಳಿಗೆ." ಅವಳಿಗೆ ಆಗಿನ್ನೂ ಮಕ್ಕಳಿರಲಿಲ್ಲ. ನಾನು ಮಾಡಿದ್ದು ಸರಿಯೆಂದು ಯಾವ ಎಂಜಿನಿಯರನ್ನು ಕೇಳಿದರೂ ಹೇಳುತ್ತಾನೆ. ಆದರೂ ನನ್ನ ತೋಳಿನೊಳಗೆ ಅಮ್ಮ ಕೊಸರಾಡಿದ್ದು, ಅದರಾಚೆ ಆ ಕಣ್ಣು ನಮ್ಮನ್ನು ನೋಡುತ್ತಿದ್ದದ್ದು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಪ್ಲಗ್ಗು ಮುಟ್ಟುವ ಮುಂಚೆ ಇವತ್ತಿಗೂ ಕಾಲಿನ ಕೆಳಗೆ ಒದ್ದೆಯಿದೆಯೇ ಎಂದು ನೋಡಿಕೊಳ್ಳುತ್ತೇನೆ.

ನೆಂಟರು ಬರುವ ಹೊತ್ತಾಗಿತ್ತು. ಅಮ್ಮ ನೆಲದ ಮೇಲಿನ ಟರ್ಕಿಯನ್ನು ಎತ್ತಿ, ಪಿಂಗಾಣಿ ಚೂರು ಎಲ್ಲೂ ಅಂಟಿಲ್ಲವೆಂದು ಬೆರಳಾಡಿಸಿ ನೋಡಿ, ಮತ್ತೆ ಮತ್ತೆ ತೊಳೆದಳು. ಆಮೇಲೆ ಮಚ್ಚು ತೆಗೆದುಕೊಂಡು ತುಂಡು ಮಾಡಿದಳು. ಚಾಪೆಯ ಮೇಲಿದ್ದ ಚಿಕ್ಕಮ್ಮ ಆ ಸದ್ದಿಗೆ ಕಣ್ಣು ಮುಚ್ಚಿಕೊಂಡಳು. ಅವಳು ರುಬ್ಬಿದ್ದ ಖಾರ ಒಂಚೂರೂ ಉಳಿದಿರಲಿಲ್ಲ. ಅಮ್ಮ ತನ್ನದೇ ಮಸಾಲೆ ಹಾಕಿ ಸೌದೆ ಒಲೆಯಲ್ಲಿ ಬೇಯಿಸಿದಳು.

ಪಂಕ್ತಿ ಕೂತಾಗ ಅಮ್ಮ ಬಡಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು: "ಈ ಟರ್ಕಿ ಸಾರು ನಂದಲ್ಲ. ನನ್ನ ಓರಗಿತ್ತಿ ಮಾಡಿದ್ದು. ಮಾಡೋವಾಗ್ಲೇ ಕೈ ಸುಟ್ಕೊಂಡ್ಲು ಪಾಪ." ಬಾಗಿಲಿಗೆ ಒರಗಿ ಕೂತಿದ್ದ ಚಿಕ್ಕಮ್ಮ ತಲೆ ಎತ್ತಿದಳು. ಕತ್ರಿಗುಪ್ಪೆಯಿಂದ ಬಂದಿದ್ದ ಅಪ್ಪನ ಸೋದರಮಾವ ಒಂದು ತುತ್ತು ಬಾಯಿಗಿಟ್ಟು, ಅಗಿದು, ನಕ್ಕರು. "ಯಾರಿಗಮ್ಮ ಟೋಪಿ ಹಾಕ್ತೀಯ? ನಾಲಿಗೆಗೆ ಗೊತ್ತಾಗಲ್ವಾ? ದೊಡ್ಡ ಸೊಸೆ ಕೈರುಚಿ ಅಂದ್ರೆ ದೊಡ್ಡ ಸೊಸೇದೇ." ಎಲ್ಲರೂ ಹೌದು ಹೌದು ಅಂದರು.

ಆಮೇಲೆ ಅಮ್ಮ ತಟ್ಟೆ ಹಿಡಿದು ಚಿಕ್ಕಮ್ಮನ ಪಕ್ಕ ಕೂತು ತುತ್ತು ಮಾಡಿ ತಿನ್ನಿಸಿದಳು. ನನಗೆ ಜ್ವರ ಬಂದಾಗಲೂ ಅಷ್ಟು ಸಣ್ಣ ತುತ್ತು ಮಾಡಿದವಳಲ್ಲ. ನಾನು ಹೊಸಿಲ ಮೇಲೆ ನಿಂತು ನೋಡುತ್ತಿದ್ದೆ. ಚಿಕ್ಕಮ್ಮ ನಿಧಾನವಾಗಿ ಅಗಿದು ನುಂಗಿದಳು.

"ಚೆನ್ನಾಗಿದೆ ಅಕ್ಕ," ಅಂದಳು. ಇನ್ನೊಂದು ತುತ್ತು ನುಂಗಿ, "ಅದೇ ಕಷ್ಟ. ಅಮೆರಿಕದ ಕೋಳೀನೂ ನಿಮ್ಮ ಕೈಗೆ ಬಂದ್ರೆ ನಿಮ್ಮ ಸಾರೇ ಆಗೋಗತ್ತೆ. ನಂಗೆ ಬೇರೆ ಒಲೆ ಮಾಡ್ಕೊಡಿ."

ಅಮ್ಮನ ಕೈ ತುತ್ತಿನ ಸಮೇತ ನಿಂತಿತು. ಜಗಳವಾಗುತ್ತದೆ ಎಂದುಕೊಂಡೆ. "ಮೊದ್ಲು ಕೈ ವಾಸಿ ಆಗ್ಲಿ. ಬಾಯಿ ತೆಗಿ," ಅಂದಳು.

ಕೈ ವಾಸಿಯಾದ ಮೇಲೆ ಚಿಕ್ಕಪ್ಪ ಚಿಕ್ಕಮ್ಮ ಮೇಲಿನ ಮನೆಗೆ ಹೋದರು. ಸೀಮೆಎಣ್ಣೆ ಸ್ಟವ್ವನ್ನು ಅಮ್ಮನೇ ಹಚ್ಚಿ ಕೊಟ್ಟು ಬಂದಳು. ಅಂದಿನಿಂದ ಅಮ್ಮನಿಗೆ ಹೊಸ ಕಾಟ ಶುರುವಾಯಿತು. ಭಾನುವಾರ ಮಧ್ಯಾಹ್ನ ಮೆಟ್ಟಿಲಿನಿಂದ ಮಸಾಲೆಯ ವಾಸನೆ ಇಳಿದುಬಂದರೆ ಅವಳ ಕೈ ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ.

"ಏನ್ ಹಾಕ್ತಾಳೆ ಅವಳು? ಮೆಂತ್ಯ ಸೊಪ್ಪಾ? ಹೋಗಿ ನೋಡ್ಕೊಂಡ್ ಬಾ. ನಾನು ಕಳಿಸಿದ್ದು ಅಂತ ಹೇಳ್ಬೇಡ."

ನಾನು ಮೇಲೆ ಹೋದರೆ ಚಿಕ್ಕಮ್ಮ ಏನನ್ನೂ ಕೇಳದೆ ಒಂದು ಬೋಗುಣಿ ತುಂಬಾ ಸಾರು ಕೊಡುತ್ತಿದ್ದಳು. ಏನು ಹಾಕಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಅಮ್ಮ ಮುದ್ದೆ ಮುರಿದು ಅದ್ದಿ ಅದ್ದಿ ಉಂಡು, ಬೋಗುಣಿಯ ತಳವನ್ನು ಬೆರಳಿನಿಂದ ಬಳಿದು, "ಉಪ್ಪು ಒಂಚೂರು ಕಮ್ಮಿ," ಅನ್ನುತ್ತಿದ್ದಳು.

ಖಾಲಿ ಬೋಗುಣಿ ಹಿಂದಕ್ಕೆ ಕೊಡಲು ಹೋದಾಗ ಚಿಕ್ಕಮ್ಮ ಮೆಟ್ಟಿಲ ಮೇಲೆಯೇ ಕಾದಿರುತ್ತಿದ್ದಳು.

"ಏನಂದ್ರು ಅಕ್ಕ?"

"ಉಪ್ಪು ಕಮ್ಮಿ ಅಂದ್ಲು."

ಅವಳು ಬೋಗುಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಒಳಗೆ ಒಂದು ತೊಟ್ಟೂ ಉಳಿಯದೆ ಬಳಿದಿರುವುದನ್ನು ನೋಡುತ್ತಿದ್ದಳು. ಅಂಗೈಯ ಸುಟ್ಟ ಕಲೆ ಆಗ ಕಾಣುತ್ತಿತ್ತು. "ಅನ್ಲಿ, ಅನ್ಲಿ," ಎಂದು ಮುಸಿಮುಸಿ ನಗುತ್ತ ಒಳಗೆ ಹೋಗುತ್ತಿದ್ದಳು.